ತಾಫ್ತುನ್ ಹೋಗಲ್ಲ

ಲಿಫ್ಟಿನ ಕನ್ನಡಿಗೆ ಅಂಟಿಸಿದ್ದ ಚೀಟಿಯನ್ನು ತೂರಾನ್ ಖಾನುಮ್ ಎರಡು ಸಲ ಓದಿದಳು. ಒಂದು ಕೈಯಲ್ಲಿ ಬೆಕ್ಕಿನ ಪೆಟ್ಟಿಗೆ, ಇನ್ನೊಂದರಲ್ಲಿ ಔಷಧಿ ಚೀಲ, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅಕ್ಷರ ನುಸ್ರತ್ ಆಗಾ ಅವರದು. ಎಂಟು ಮನೆಗಳ ಆ ಕಟ್ಟಡಕ್ಕೆ ಮೇಲ್ವಿಚಾರಕರು ಅವರು, ಆರು ವರ್ಷದಿಂದ. ನೀರಿನ ಪಂಪು ಕೆಟ್ಟರೂ ಚೀಟಿ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರೂ ಚೀಟಿ. ಈ ಸಲದ್ದು ಹೀಗಿತ್ತು:

"ನಾಲ್ಕನೇ ಮನೆಯ ಬೆಕ್ಕಿನಿಂದ ಕಟ್ಟಡದಲ್ಲಿ ಚರ್ಮದ ಕಾಯಿಲೆ ಹರಡಿದೆ. ನೌರೂಜ್ ಹಬ್ಬಕ್ಕೆ ಮೊದಲು ಬೆಕ್ಕನ್ನು ಹೊರಗೆ ಕಳಿಸತಕ್ಕದ್ದು. ಗುರುವಾರ ಸಂಜೆ ಐದಕ್ಕೆ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಎಲ್ಲ ಮನೆಯವರ ಸಭೆ."

ತೂರಾನ್ ಪೆಟ್ಟಿಗೆ ಕೆಳಗಿಟ್ಟಳು. ಕಿವಿಯ ಸಂದಿಯಲ್ಲಿ ಸದಾ ಸಿಕ್ಕಿಸಿಕೊಂಡಿರುವ ನೀಲಿ ಪೆನ್ಸಿಲ್ ತೆಗೆದು ಚೀಟಿಯ ಕೆಳಗೆ ದಪ್ಪಗೆ ಬರೆದಳು: "ಹೋಗಲ್ಲ." ಪಕ್ಕದಲ್ಲಿ ಸಹಿಯನ್ನೂ ಹಾಕಿದಳು, ಯಾರು ಬರೆದದ್ದು ಅಂತ ಆಮೇಲೆ ಯಾರೂ ತಲೆ ಕೆಡಿಸಿಕೊಳ್ಳಬಾರದು ನೋಡಿ.

ಪೆಟ್ಟಿಗೆಯೊಳಗಿದ್ದ ತಾಫ್ತುನ್‌ಗೆ ಇದರ ಗೊಡವೆಯೇ ಇರಲಿಲ್ಲ. ಅವನಿಗೆ ಅವತ್ತಿನ ಅವಮಾನವೇ ಸಾಕಾಗಿತ್ತು. ನೆಲ ಗುಡಿಸುವಷ್ಟು ಉದ್ದವಿದ್ದ ಬಿಳಿ ಕೂದಲನ್ನು ಡಾಕ್ಟರಮ್ಮ ಬೆಳಿಗ್ಗೆ ಮಷೀನು ಹಿಡಿದು ಬೋಳಿಸಿಬಿಟ್ಟಿದ್ದಳು. ಈಗ ನೋಡಿದರೆ ಪುಕ್ಕ ಕಿತ್ತ ಕೋಳಿ. ಮುಖವಂತೂ ಹುಟ್ಟಿದಾಗಿನಿಂದ ಚಪ್ಪಟೆ, ಮೂಗು ಎಲ್ಲಿದೆ ಅಂತ ಹುಡುಕಬೇಕು. ತಂದೂರಿನ ಗೋಡೆಗೆ ಪಟ್ ಅಂತ ಬಡಿದ ರೊಟ್ಟಿಯ ಹಾಗಿದ್ದ ಆ ಮುಖವನ್ನು ಕಂಡ ದಿನವೇ ತೂರಾನ್ ಅವನಿಗೆ ರೊಟ್ಟಿಯ ಹೆಸರಿಟ್ಟಿದ್ದಳು.

ತೂರಾನ್‌ಗೆ ಅರವತ್ತೊಂದು. ಕಾಶಾನ್ ಊರಿನಿಂದ ಬಂದವಳು, ಮದುವೆಯ ತಂಟೆಗೆ ಹೋದವಳಲ್ಲ. ಕಸುಬು ರಫು. ಹರಿದ ಗಾಲೀಚೆ, ಇಲಿ ಕಡಿದ ಜಮಖಾನೆ, ಕೆಂಡ ಬಿದ್ದು ತೂತಾದ ನೆಲಹಾಸು, ಏನೇ ತನ್ನಿ, ತೂತು ಎಲ್ಲಿತ್ತು ಅಂತ ನೀವೇ ಆಮೇಲೆ ಹುಡುಕಬೇಕು, ಹಾಗೆ ಹೊಲಿಯುತ್ತಾಳೆ. ನಾರ್ಮಕ್ ಬಡಾವಣೆಯ ಆ ಓಣಿಯಲ್ಲಿ ಅವಳ ಬೆರಳು ಓಡಾಡದ ಗಾಲೀಚೆ ಇಲ್ಲ. ಹಬ್ಬದ ಮುಂಚಿನ ಎರಡು ತಿಂಗಳಲ್ಲಿ ಮನೆಮನೆಯಲ್ಲೂ ಧೂಳು ಕೊಡವುವ ಗಲಾಟೆ ಶುರುವಾದಾಗ ಅವಳಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ.

ತಾಫ್ತುನ್ ಬಂದದ್ದೂ ರಫುವಿನ ಲೆಕ್ಕದಲ್ಲೇ. ಹಿಂದಿನ ಬೀದಿಯಲ್ಲಿ ಚಪ್ಪಟೆ ಮುಖದ ಬೆಕ್ಕು ಸಾಕಿ ಮಾರುವವನೊಬ್ಬನಿದ್ದ. ಮುಖ ಎಷ್ಟು ಚಪ್ಪಟೆಯೋ ಅಷ್ಟು ಗಿರಾಕಿ. ಇವನದು ಚಪ್ಪಟೆಯೇನೋ ಹೌದು, ಆದರೆ ದವಡೆ ಸೊಟ್ಟ, ಉಸಿರಾಡಿದರೆ ಸೀಟಿ. ಯಾರೂ ಕೊಳ್ಳಲಿಲ್ಲ. "ಕೂಲಿ ಬದಲಿಗೆ ಇದನ್ನ ತಗೊಂಡ್ಹೋಗಿ ಖಾನುಮ್, ಹೇಗೂ ಜಾಸ್ತಿ ದಿನ ಬದುಕಲ್ಲ," ಅಂದಿದ್ದ. ಏಳು ವರ್ಷವಾಯಿತು. ಕೊಟ್ಟವನು ಅಂಗಡಿ ಮುಚ್ಚಿಕೊಂಡು ಹೋದ, ಬೆಕ್ಕು ಟೀ ಕಾಯಿಸುವ ಸಮೋವರಿನ ಹಾಗೆ ಗುಸುಗುಸು ಅನ್ನುತ್ತಾ ಕಿಟಕಿಯಲ್ಲಿ ಕೂತಿದೆ.

ಅಂಥ ಮುಖದ ಬೆಕ್ಕನ್ನು ಸಾಕುವುದೆಂದರೆ ತಮಾಷೆಯಲ್ಲ. ಕಣ್ಣು ಸದಾ ಒಸರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಕಾಯಿಸಿ ಆರಿಸಿದ ನೀರು, ಹತ್ತಿ, ಒಂದೊಂದು ಕಣ್ಣಿಗೂ ಬೇರೆ ಬೇರೆ ಉಂಡೆ. ಮೂಗಿನ ಪಕ್ಕದ ಮಡಿಕೆ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ನಾತ. ಆಳದ ಬಟ್ಟಲಲ್ಲಿ ಊಟ ಹಾಕಿದರೆ ಮುಖ ಮುಳುಗುತ್ತದೆ, ಹಾಗಾಗಿ ಟೀ ತಟ್ಟೆ. ದಿನಾ ಬುಡದ ತನಕ ಬಾಚಬೇಕು. ಬೇಸಿಗೆಯಲ್ಲಿ ಫ್ಯಾನಿನ ಮುಂದೆ ಒದ್ದೆ ಟವೆಲು. ಇಷ್ಟನ್ನೂ ತೂರಾನ್ ಏಳು ವರ್ಷ ಒಂದು ದಿನ ತಪ್ಪದೆ ಮಾಡಿದ್ದಳು. ಆದರೂ ಚಳಿಗಾಲದ ಬಹ್ಮನ್ ತಿಂಗಳಲ್ಲಿ ಕಿವಿಯ ಹಿಂದೆ ಕೂದಲು ಉದುರಿ ದುಂಡನೆಯ ಬೋಳು ಕಾಣಿಸಿತು. ಅವಳು ಬೆಳ್ಳುಳ್ಳಿ ಅರೆದು, ವಿನಿಗರ್ ಬೆರೆಸಿ ಹಚ್ಚಿದಳು. ಅವಳಮ್ಮ ಮನೆಯಲ್ಲಿ ಎಲ್ಲರಿಗೂ ಅದನ್ನೇ ಹಚ್ಚುತ್ತಿದ್ದದ್ದು. ಒಂದಿದ್ದ ಬೋಳು ನಾಲ್ಕಾಯಿತು.

"ಇದೇನು ಖಾನುಮ್, ಬೆಕ್ಕೋ ಸಲಾಡೋ?" ಅಂದಿದ್ದಳು ಬೆಳಿಗ್ಗೆ ಪ್ರಾಣಿಗಳ ಡಾಕ್ಟರ್ ಲಾಲೆ, ಮೂಸಿ ನೋಡಿ. ಚಿಕ್ಕ ವಯಸ್ಸು, ಆದರೆ ಬಾಯಿ ಅಂದರೆ ಬಾಯಿ. "ಚರ್ಮ ಸುಟ್ಟುಹೋಗಿದೆ. ನೆಕ್ಕಿ ನೆಕ್ಕಿ ನಾಲಿಗೇನೂ ಸುಟ್ಕೊಂಡಿದಾನೆ."

"ಹುಳ ಸಾಯ್ಲಿ ಅಂತ ಹಚ್ಚಿದೆ ಮಗಳೇ."

"ಹುಳ ಎಲ್ಲಿದೆ? ಹೆಸರಿಗಷ್ಟೇ ಹುಳುಕಡ್ಡಿ. ಇರೋದು ಬೂಷ್ಟು. ಹಳೇ ರೊಟ್ಟಿ ಮೇಲೆ ಬರುತ್ತಲ್ಲ, ಅದರ ದಾಯಾದಿ." ಅವಳು ದೀಪ ಆರಿಸಿ, ನೀಲಿ ಬೆಳಕಿನ ಸಣ್ಣ ಟಾರ್ಚು ಹಿಡಿದಳು. ಬೋಳಿನ ಸುತ್ತಲ ಕೂದಲು ಎಳೇ ಸೇಬಿನ ಹಸಿರಾಗಿ ಹೊಳೆಯಿತು. "ಈ ಚಪ್ಪಟೆ ಮುಖದವರು ಮೈಯೆಲ್ಲ ಸರಿಯಾಗಿ ನೆಕ್ಕಿಕೊಳ್ಳೋಕಾಗಲ್ಲ. ಸತ್ತ ಕೂದಲು ಅಲ್ಲೇ ಕೂತಿರುತ್ತೆ. ಬೂಷ್ಟಿಗೆ ಬಾಡಿಗೆ ಇಲ್ಲದ ಮನೆ."

ಆಮೇಲೆ ಅವಳು ಹೇಳಿದ್ದು ದೊಡ್ಡ ಪಟ್ಟಿ. ದಿನಾ ಊಟದ ಜೊತೆ ಔಷಧಿ, ವಾರಕ್ಕೆರಡು ಸಲ ಮದ್ದಿನ ಸ್ನಾನ, ಕಣ್ಣು ಮೂಗಿಗೆ ತಾಗದ ಹಾಗೆ, ಉಸಿರು ಕಟ್ಟದ ಹಾಗೆ ನಿಧಾನಕ್ಕೆ. ಬೇರೆ ಕೋಣೆ. ನೆಲ ದಿನಾ ಒರೆಸಬೇಕು, ಬಟ್ಟೆಯೆಲ್ಲ ಬಿಸಿನೀರಲ್ಲಿ ಒಗೆಯಬೇಕು. ಕಡಿಮೆ ಅಂದರೂ ಆರು ವಾರ, ಅದೂ ಪರೀಕ್ಷೆ ಎರಡು ಸಲ ಚೊಕ್ಕ ಬಂದ ಮೇಲೆ. ತೂರಾನ್‌ಳ ಮಣಿಕಟ್ಟಿನ ಮೇಲೂ ಒಂದು ಕೆಂಪು ಉಂಗುರ ಎದ್ದಿತ್ತು. ಅದಕ್ಕೆ ಮುಲಾಮು ಬರೆಸಿಕೊಳ್ಳಲು ಮನುಷ್ಯರ ಡಾಕ್ಟರ ಹತ್ತಿರ ಕಳಿಸಿದಳು.

"ಇನ್ಯಾರಿಗಾದ್ರೂ ಅಂಟಿದೆಯಾ? ನೆರೆಹೊರೆಯವರಿಗೆ?"

"ನನ್ನ ತಾಫ್ತುನ್ ಹೊಸ್ತಿಲು ದಾಟಿದೋನಲ್ಲ," ಅಂದಳು ತೂರಾನ್.

"ಅವನು ದಾಟಬೇಕಾಗಿಲ್ಲ, ಅವನ ಕೂದಲು ದಾಟಿದ್ರೆ ಸಾಕು. ಈ ಟಾರ್ಚು ತಗೊಂಡ್ಹೋಗಿ. ಮನೆಯಲ್ಲಿ ಎಲ್ಲೆಲ್ಲಿ ಹೊಳೆಯುತ್ತೋ ನೋಡಿ." ಆ ಮಾತು ತೂರಾನ್‌ಳ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು.

ಮನೆಗೆ ಬಂದರೆ ಲಿಫ್ಟಿನಲ್ಲಿ ಈ ಚೀಟಿ. ಕಾರಣ ಅವಳಿಗೆ ಗೊತ್ತಿತ್ತು. ಮೂರನೇ ಮಹಡಿಯ ಮಹ್‌ವಶ್‌ಳ ಮಗಳು ಹುಸ್ನಾಗೆ ಕತ್ತಿನ ಹಿಂದೆ ಎರಡು ಉಂಗುರ ಎದ್ದಿದ್ದವು. ಶಾಲೆಯವರು ಒಂದು ದಿನ ಮನೆಗೆ ಕಳಿಸಿಬಿಟ್ಟಿದ್ದರು. ಆ ಮಗು ಬೆಕ್ಕನ್ನು ಮುಟ್ಟಿದ್ದೇ ಇಲ್ಲ. ಮಹ್‌ವಶ್‌ಗೆ ಬೆಕ್ಕೆಂದರೆ ಭಯ, ಮಗಳನ್ನು ತೂರಾನ್ ಮನೆ ಬಾಗಿಲಿಗೂ ಬಿಡುತ್ತಿರಲಿಲ್ಲ. ಇಷ್ಟಿದ್ದೂ ಬೆಕ್ಕೇ ಕಳ್ಳ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯೋ ಜನ, ಅಂದುಕೊಂಡಳು ತೂರಾನ್. ಶಾಲೆಯಲ್ಲೇ ಯಾರಿಂದಲೋ ಹತ್ತಿರಬೇಕು. ಗುರುವಾರ ಹೋಗಿ ಒಬ್ಬೊಬ್ಬರ ನೀರಿಳಿಸುತ್ತೇನೆ ಅಂತ ಎರಡು ದಿನ ಮನಸ್ಸಿನಲ್ಲೇ ಭಾಷಣ ಮಸೆದಳು.

ಬುಧವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ನುಸ್ರತ್ ಆಗಾ ಎದುರಾದರು. ಕೈಯಲ್ಲಿ ಸಂಗಕ್ ರೊಟ್ಟಿ, ತಲೆಯ ಮೇಲೆ ಉಣ್ಣೆ ಟೋಪಿ. ಆ ಟೋಪಿಯನ್ನು ಅವರು ಇತ್ತೀಚೆಗೆ ನೆತ್ತಿಯ ಹಿಂದಕ್ಕೆ ಸರಿಸಿ ಹಾಕುತ್ತಿದ್ದರು. ಯಾಕೆಂದು ಇಡೀ ಕಟ್ಟಡಕ್ಕೆ ಗೊತ್ತು. ಐವತ್ತು ವರ್ಷ ಐದು ಹೊತ್ತೂ ಬಿಡದೆ ನಮಾಜು ಮಾಡಿದ ಮನುಷ್ಯ, ನೆಲಕ್ಕೆ ಹಣೆ ಒತ್ತಿ ಒತ್ತಿ ಭಕ್ತರಿಗೆ ಮೂಡುವ ಗುರುತು ಮಾತ್ರ ಹಣೆಯ ಮೇಲೆ ಮೂಡಿರಲಿಲ್ಲ. ಅವರ ಭಾವಮೈದುನನಿಗಿತ್ತು, ಮಸೀದಿಯಲ್ಲಿ ಪಕ್ಕದಲ್ಲಿ ನಿಲ್ಲುವವನಿಗಿತ್ತು, ಇವರದು ಮಾತ್ರ ನುಣ್ಣನೆಯ ಹಣೆ. ಈಗ ಮೂರು ವಾರದಿಂದ, ಹಣೆ ಇಡುವ ಮಣ್ಣಿನ ಬಿಲ್ಲೆಯಷ್ಟೇ ಅಗಲಕ್ಕೆ, ದುಂಡಗೆ ಒಂದು ಗುರುತು ಎದ್ದಿತ್ತು. ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಟೋಪಿ ಹಿಂದಕ್ಕೆ ಸರಿಸಿದರು ಅಷ್ಟೆ. ಜನ "ದೇವರು ಒಪ್ಪಿಸಿಕೊಳ್ಳಲಿ" ಅಂದಾಗ ಕಣ್ಣು ತಗ್ಗಿಸುತ್ತಿದ್ದರು.

"ಖಾನುಮ್, ನನ್ನ ಚೀಟಿ ಮೇಲೆ ಗೀಚಿದೀರಿ," ಅಂದರು ನುಸ್ರತ್ ಆಗಾ.

"ಗೀಚಿಲ್ಲ ಆಗಾ, ಉತ್ತರ ಬರೆದಿದೀನಿ."

"ನೋಡಿ, ನನಗೆ ನಿಮ್ಮ ಮೇಲೆ ದ್ವೇಷ ಇಲ್ಲ. ಮಗು ನರಳ್ತಾ ಇದೆ. ಒಂದು ಮೂಕಪ್ರಾಣಿಗೋಸ್ಕರ ಎಂಟು ಮನೆ..."

ತೂರಾನ್ ಉತ್ತರಕ್ಕೆ ಬಾಯಿ ತೆರೆದವಳು ಹಾಗೇ ನಿಂತಳು. ಮೆಟ್ಟಿಲ ಕಿಟಕಿಯ ಬಿಸಿಲು ಅವರ ಹಣೆಗೆ ನೇರ ಬೀಳುತ್ತಿತ್ತು. ಅಷ್ಟು ಹತ್ತಿರದಿಂದ ಅವಳು ಆ ಗುರುತನ್ನು ನೋಡಿದ್ದೇ ಇಲ್ಲ. ಅಂಚು ಕೆಂಪು, ಸ್ವಲ್ಪ ಉಬ್ಬಿದೆ. ನಡುವೆ ತಿಳಿಯಾಗಿ ಹೊಟ್ಟು ಏಳುತ್ತಿದೆ. ಎಡಗಡೆ ಹುಬ್ಬನ್ನು ಮುಟ್ಟಿದಲ್ಲಿ ಕೂದಲು ತೆಳ್ಳಗಾಗಿದೆ. ನುಸ್ರತ್ ಆಗಾ ಮಾತಿನ ಮಧ್ಯೆ, ಗೊತ್ತಿಲ್ಲದೆಯೇ, ಉಗುರಿನಿಂದ ಅದನ್ನು ಕೆರೆದುಕೊಂಡರು.

ಅಂಥದ್ದೇ ಒಂದು ಅವಳ ಮಣಿಕಟ್ಟಿನಲ್ಲಿತ್ತು, ತೋಳಿನ ಬಟ್ಟೆಯ ಕೆಳಗೆ.

"ಏನಾಯ್ತು?" ಅಂದರು ಅವರು.

"ಏನಿಲ್ಲ. ನಾಳೆ ಸಭೇಲಿ ಮಾತಾಡೋಣ," ಅಂದು ಮೇಲೆ ಹತ್ತಿದಳು. ಮಂಡಿ ನೋವಿದ್ದರೂ ಲಿಫ್ಟಿನ ನೆನಪೇ ಆಗಲಿಲ್ಲ.

ಮನೆಗೆ ಹೋದವಳೇ ಪರದೆಗಳನ್ನೆಲ್ಲ ಎಳೆದು, ರಫು ಕೆಲಸದ ದೊಡ್ಡ ಬೆತ್ತದ ಬುಟ್ಟಿಯನ್ನು ನಡುಮನೆಗೆ ತಂದಳು. ಜನ ಕೊಟ್ಟ ಸಣ್ಣ ಹಾಸುಗಳನ್ನು ಅವಳು ಕೆಲಸ ಮುಗಿಯುವ ತನಕ ಅದರಲ್ಲೇ ಇಡುವುದು. ನೀಲಿ ಟಾರ್ಚು ಹಿಡಿದಳು. ಬುಟ್ಟಿಯ ತಳದಲ್ಲಿ, ಬೆತ್ತದ ಸಂದುಗಳಲ್ಲಿ, ಹಸಿರು ಎಳೆಗಳು ಹೊಳೆದವು. ಒಂದಲ್ಲ ಎರಡಲ್ಲ.

ಅವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು. ನುಸ್ರತ್ ಆಗಾ ಅವರ ನಮಾಜಿನ ಹಾಸು, ತಾಯಿ ನೇಯ್ದ ಉಣ್ಣೆಯದು, ಅಂಚು ಬಿಚ್ಚಿಕೊಂಡಿದ್ದದ್ದು, ಬಹ್ಮನ್ ತಿಂಗಳಲ್ಲಿ ಒಂಬತ್ತು ದಿನ ಆ ಬುಟ್ಟಿಯಲ್ಲಿತ್ತು. ಮಣ್ಣಿನ ಬಿಲ್ಲೆಯನ್ನು ಅವರು ಅದರಲ್ಲೇ ಸುತ್ತಿಡುವುದು. ಹುಸ್ನಾ ಮಲಗುವ ಪುಟ್ಟ ಜಮಖಾನೆಯೂ ಅಲ್ಲೇ ಇತ್ತು, ಅದೇ ವಾರ. ತಾಫ್ತುನ್ ಆ ಬುಟ್ಟಿಯಲ್ಲೇ ಮಲಗುತ್ತಿದ್ದ. ಉಣ್ಣೆ ಸಿಕ್ಕರೆ ಅವನು ಸುಲ್ತಾನ. ಅವನು ಮಲಗಿದ ನೋಟ ಎಷ್ಟು ಚೆಂದವೆಂದು ಇವಳೇ ಫೋಟೋ ತೆಗೆದುಕೊಂಡಿದ್ದಳು. ಬೆಕ್ಕು ಹೊಸ್ತಿಲು ದಾಟಿರಲಿಲ್ಲ, ನಿಜ. ದಾಟಿಸಿದವಳು ಅವಳು, ತನ್ನ ಕೈಯಾರೆ, ಮಡಿಸಿ, ಗುಲಾಬಿ ನೀರು ಚಿಮುಕಿಸಿ.

ಸುಮ್ಮನಿದ್ದರೆ ಏನಾಗುತ್ತದೆ ಅಂತ ಅವಳು ಯೋಚಿಸಲಿಲ್ಲವೆಂದಲ್ಲ. ಚೆನ್ನಾಗಿ ಯೋಚಿಸಿದಳು. ನುಸ್ರತ್ ಆಗಾ ಹಣೆಯ ಬಗ್ಗೆ ಯಾರಿಗೂ ಸಂಶಯವಿಲ್ಲ. ಹುಸ್ನಾಳ ವಿಷಯದಲ್ಲಿ, ಬೆಕ್ಕು ಆಚೆ ಬಂದದ್ದನ್ನು ಕಂಡವರಿದ್ದರೆ ಹೇಳಿ ಅಂತ ಸಭೆಯಲ್ಲಿ ಸವಾಲು ಹಾಕಬಹುದು, ಗೆಲ್ಲಲೂಬಹುದು. ಹೇಳಿದರೆ ಬೆಕ್ಕೂ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಬೂಷ್ಟು ಹಂಚುವವಳ ಕೈಗೆ ಗಾಲೀಚೆ ಯಾರು ಕೊಡುತ್ತಾರೆ? ಆದರೆ ಎಂಟು ದಿನಕ್ಕೆ ನೌರೂಜ್. ಕಟ್ಟಡದ ಹಿರಿಯರಾದ ನುಸ್ರತ್ ಆಗಾ ಮನೆಮನೆಗೆ ಬಂದು ಚಿಕ್ಕವರನ್ನೆಲ್ಲ ಹಿಡಿದು ಹಣೆಗೆ ಹಣೆ ತಾಗಿಸಿ ಮುತ್ತು ಕೊಡುತ್ತಾರೆ, ಪ್ರತಿ ವರ್ಷ. ಅವರ ಮೊಮ್ಮಗುವಿಗೆ ಐದು ತಿಂಗಳು.

ಬೇರೆ ಕೋಣೆಯಿಂದ ತಾಫ್ತುನ್ ಬಾಗಿಲು ಕೆರೆದ. ಅವನಿಗೆ ಒಂಟಿಯಾಗಿರುವುದು ಗೊತ್ತಿಲ್ಲ.

"ಸುಮ್ನಿರೋ, ಚಪ್ಪಟೆ," ಅಂದಳು ತೂರಾನ್. "ನಿನ್ನನ್ನ ಕಳಿಸಲ್ಲ. ಸುಳ್ಳು ಹೇಳೀನೂ ಇಟ್ಕೊಳ್ಳಲ್ಲ."

ಗುರುವಾರ ಐದಕ್ಕೆ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನುಸ್ರತ್ ಆಗಾ ಅವರ ಹೆಂಡತಿ ಇಫ್ತಿಖಾರ್ ಖಾನುಮ್ ಸಮೋವರ್ ತಂದಿಟ್ಟು, ಜಗಳಕ್ಕೆ ಬಂದವರಿಗೆಲ್ಲ ಮೊದಲು ಟೀ ಕೊಟ್ಟಳು. ಮುಂದಿನ ಸಾಲಿನಲ್ಲಿ ಮಹ್‌ವಶ್, ಮುಖ ಬಿಗಿದುಕೊಂಡು. ಅವಳ ಹಿಂದೆ ಐದನೇ ಮಹಡಿಯ ಟ್ಯಾಕ್ಸಿ ಬಹ್ಮನ್, ಎಲ್ಲಿ ಹೋದರೂ ಒಂದು ಮಾತು ಹೆಚ್ಚಿಗೆ ಆಡುವವನು.

"ನನ್ನ ಹೆಂಡತಿ ಅಂತಾಳೆ," ಶುರು ಮಾಡಿದ ಬಹ್ಮನ್, "ಬೆಕ್ಕಿನ ಕೂದಲು ಹೊಟ್ಟೆಗೆ ಹೋದ್ರೆ ಹೆಂಗಸರಿಗೆ ಮಕ್ಕಳಾಗಲ್ವಂತೆ."

"ನಿನಗೆ ನಾಲ್ಕು ಮಕ್ಕಳು. ಮೊದಲೇ ನನ್ನ ಬೆಕ್ಕನ್ನ ಕೇಳಿದ್ರೆ ಕೊಡ್ತಿದ್ನಲ್ಲಪ್ಪ," ಅಂದಳು ತೂರಾನ್. ಎಲ್ಲರೂ ನಕ್ಕರು, ಬಹ್ಮನ್ನೂ ನಕ್ಕ. ಮಹ್‌ವಶ್ ನಗಲಿಲ್ಲ.

"ನಿಮಗೆ ತಮಾಷೆ ಖಾನುಮ್. ನನ್ನ ಮಗಳ ಜಡೆ ನಾನೇ ಕತ್ತರಿಸಿದೆ. ಕ್ಲಾಸಲ್ಲಿ ಅವಳ ಪಕ್ಕ ಯಾರೂ ಕೂರಲ್ಲ. ಕಜ್ಜಿ ಹುಸ್ನಾ ಅಂತಾರಂತೆ."

ನುಸ್ರತ್ ಆಗಾ ಎದ್ದು ನಿಂತು ಗಂಟಲು ಸರಿಪಡಿಸಿಕೊಂಡರು. "ಜಾಸ್ತಿ ಮಾತು ಬೇಡ. ಬೆಕ್ಕು ಹೋಗಬೇಕು ಅನ್ನೋರು ಕೈ ಎತ್ತಿ."

"ಕೈ ಆಮೇಲೆ ಎತ್ತಿ," ತೂರಾನ್ ಎದ್ದಳು. "ಮೊದಲು ನನ್ನ ಮಾತು. ಮಹ್‌ವಶ್, ನಿನ್ನ ಮಗಳಿಗೆ ಅಂಟಿದ್ದು ನನ್ನ ಬೆಕ್ಕಿಂದೇ."

ಟೀ ಲೋಟಗಳು ನಿಂತಲ್ಲೇ ನಿಂತವು.

"ಅವನು ಆಚೆ ಬರಲಿಲ್ಲ. ಅವಳ ಜಮಖಾನೆ ನನ್ನ ಬುಟ್ಟೀಲಿತ್ತು, ಅವನು ಅದರ ಮೇಲೆ ಮಲಗಿದ್ದ. ಅವನ ಮೈಲಿ ರೋಗ ಇದೆ ಅಂತ ನನಗಾಗ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು. ಏಳು ವರ್ಷ ಅವನ ಕಣ್ಣು ಒರೆಸಿದೀನಿ, ಕಿವಿ ಹಿಂದೆ ನೋಡಲಿಲ್ಲ. ತಪ್ಪು ಬೆಕ್ಕಿಂದಲ್ಲ, ನಂದು. ನಿನ್ನ ಮಗಳಿಗೆ ನಾನೇ ಬಂದು ಹೇಳ್ತೀನಿ, ಶಾಲೆಗೂ ಬರ್ತೀನಿ ಬೇಕಾದ್ರೆ." ತೋಳು ಮೇಲೆ ಸರಿಸಿ ಮಣಿಕಟ್ಟು ತೋರಿಸಿದಳು. "ನೋಡಿ, ಇದೇ ಉಂಗುರ. ಈ ರೋಗಕ್ಕೆ ಮದ್ದಿದೆ, ವಾಸಿ ಆಗುತ್ತೆ. ವಾಸಿ ಆಯ್ತು ಅಂತ ಡಾಕ್ಟರು ಎರಡು ಸಲ ಹೇಳೋ ತನಕ ನನ್ನ ಬಾಗಿಲು ಮುಚ್ಚಿರುತ್ತೆ. ಒಬ್ಬರ ಗಾಲೀಚೆನೂ ಮುಟ್ಟಲ್ಲ, ಹಬ್ಬ ಬರಲಿ, ಏನೇ ಬರಲಿ. ಆದ್ರೆ ಬೆಕ್ಕು ಹೋಗಲ್ಲ."

"ಅದನ್ನ ನಾವು ತೀರ್ಮಾನ ಮಾಡೋದು," ಅಂದರು ನುಸ್ರತ್ ಆಗಾ. "ತಾವೇ ಒಪ್ಪಿಕೊಂಡಿರಿ. ಇನ್ನೇನು ಉಳೀತು?"

"ಇನ್ನೊಬ್ಬರ ವಿಷಯ ಉಳೀತು ಆಗಾ." ಇಲ್ಲಿ ಅವಳು ಒಂದು ಗಳಿಗೆ ತಡೆದಳು. ಎಲ್ಲರ ಮುಂದೆ ಹೇಳಬಾರದು ಅಂತಲೇ ಆ ಬೆಳಿಗ್ಗೆ ಅವರ ಬಾಗಿಲು ತಟ್ಟಿದ್ದಳು. ಅವರು, ಚೀಟಿಯ ಮಾತೆಲ್ಲ ಸಭೆಯಲ್ಲಿ ಅಂತ ಹೇಳಿ, ಬಾಗಿಲು ಹಾಕಿಕೊಂಡಿದ್ದರು. "ನಿಮ್ಮ ನಮಾಜಿನ ಹಾಸೂ ಅದೇ ಬುಟ್ಟೀಲಿತ್ತು. ಒಂಬತ್ತು ದಿನ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಬಹ್ಮನ್‌ಗೆ ಆಯಿತು. ಅವನು ಅವರ ಹಣೆ ನೋಡಿದ, ಮತ್ತೆ ತೂರಾನ್‌ಳ ಮಣಿಕಟ್ಟು ನೋಡಿದ, ಜೀವನದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡ.

ನುಸ್ರತ್ ಆಗಾ ಕೈ ತಾನಾಗಿ ಹಣೆಗೆ ಹೋಯಿತು. ಮುಖ ಕೆಂಪಾಯಿತು. "ಖಾನುಮ್, ನಾಲಿಗೆ ಬಿಗಿ ಹಿಡೀರಿ. ಇದು ನನಗೂ ನನ್ನ ದೇವರಿಗೂ ಸಂಬಂಧಪಟ್ಟದ್ದು."

"ನಿಮ್ಮ ನಮಾಜು ನಿಮಗೂ ದೇವರಿಗೂ ಬಿಟ್ಟದ್ದು, ಅದರಲ್ಲಿ ಬಾಯಿ ಹಾಕೋಕೆ ನಾನ್ಯಾರು? ಈ ಉಂಗುರ ಮಾತ್ರ ನಿಮಗೂ ನನ್ನ ಬೆಕ್ಕಿಗೂ ಸಂಬಂಧಪಟ್ಟದ್ದು." ಅವಳು ಚೀಲದಿಂದ ಟಾರ್ಚು ತೆಗೆದು ಮುಂದೆ ಹಿಡಿದಳು. "ನಂಬಿಕೆ ಇಲ್ಲದಿದ್ರೆ ನೀವೇ ನೋಡ್ಕೊಳ್ಳಿ. ಹುಬ್ಬಿನ ಹತ್ತಿರ."

"ಅಗತ್ಯ ಇಲ್ಲ."

"ಅಗತ್ಯ ಇದೆ," ಅಂದಳು ಸಮೋವರ್ ಹಿಂದಿನಿಂದ ಇಫ್ತಿಖಾರ್ ಖಾನುಮ್. ಕೆಟಲು ಕೆಳಗಿಟ್ಟು ಬಂದು, ತನ್ನ ಬಲಗೈಯ ತೋಳನ್ನು ಮೊಣಕೈ ತನಕ ಮಡಿಸಿದಳು. ಅಲ್ಲಿ ಎರಡು ಉಂಗುರಗಳಿದ್ದವು. "ಹತ್ತು ದಿನದಿಂದ ಮುಚ್ಚಿಟ್ಕೊಂಡಿದೀನಿ ನುಸ್ರತ್. ನಿಮ್ಮ ಹಣೇದು ಇದೇ ಥರ ಇದೆಯಲ್ಲ ಅಂತ ಅನ್ನಿಸ್ತಿತ್ತು. ಹೇಗೆ ಹೇಳೋದು? ಎಷ್ಟು ಖುಷಿಯಾಗಿದ್ರಿ ನೀವು."

ಅವಳೇ ಹೋಗಿ ದೀಪದ ಗುಂಡಿ ಒತ್ತಿದಳು. ನೆಲಮಾಳಿಗೆ ಕತ್ತಲಾಯಿತು. ನುಸ್ರತ್ ಆಗಾ ತೂರಾನ್‌ಳ ಕೈಯಿಂದ ಟಾರ್ಚು ತೆಗೆದುಕೊಂಡು, ಬಹ್ಮನ್‌ನ ಟ್ಯಾಕ್ಸಿಯ ಪಕ್ಕದ ಕನ್ನಡಿಯ ಮುಂದೆ ಬಗ್ಗಿದರು. ಕನ್ನಡಿಯಲ್ಲಿ ಎಡ ಹುಬ್ಬಿನ ತುದಿ ಹಸಿರಾಗಿ ಹೊಳೆಯಿತು. ಎಲ್ಲರಿಗೂ ಕಾಣಿಸಿತು. ಯಾರೂ ನಗಲಿಲ್ಲ.

ದೀಪ ಹತ್ತಿದಾಗ ಅವರು ಇನ್ನೂ ಕನ್ನಡಿಯ ಮುಂದೆಯೇ ಇದ್ದರು. "ಮೂರು ವಾರ," ಅಂದರು, ಯಾರಿಗೆ ಅಂತಲ್ಲ. "ಮೂರು ವಾರ ಇದಕ್ಕೆ ದೇವರಿಗೆ ಶುಕ್ರ್ ಹೇಳಿದೀನಿ."

ತೂರಾನ್ ಎರಡು ದಿನ ಮಸೆದ ಭಾಷಣ ಎಲ್ಲಿ ಹೋಯಿತೋ. ಆದರೂ ಬಗ್ಗುವ ಜಾತಿಯಲ್ಲ ಅವಳು. "ಆಗಾ, ನನ್ನನ್ನ ಬೈಯಿರಿ, ಬೇಡ ಅನ್ನಲ್ಲ. ಆದ್ರೆ ಆ ಬೆಕ್ಕನ್ನ ಬೀದಿಗೆ ಬಿಟ್ರೆ ಹತ್ತು ಹೆಜ್ಜೆ ಓಡೋಕಾಗಲ್ಲ, ಉಸಿರು ಕಟ್ಟುತ್ತೆ. ಮೈಮೇಲೆ ಕೂದಲಿಲ್ಲ, ಚಳಿ ಇನ್ನೂ ಹೋಗಿಲ್ಲ. ಎರಡು ದಿನಕ್ಕೆ ಸಾಯ್ತಾನೆ. ಅವನು ಸತ್ರೆ ನಿಮ್ಮ ಹಣೇದು ವಾಸಿ ಆಗುತ್ತಾ? ಇವರ ಕೈದು?"

"ಅಂಟುರೋಗ ಇರೋರೆಲ್ಲ ಹೋಗಬೇಕು ಅನ್ನೋದಾದ್ರೆ," ಅಂದಳು ಇಫ್ತಿಖಾರ್, ತೋಳು ಕೆಳಗಿಳಿಸುತ್ತಾ, "ನನಗೂ ಬೆಕ್ಕಿನ ಜೊತೆ ಒಂದು ಪೆಟ್ಟಿಗೆ ತನ್ನಿ. ಗಂಡನಿಗೂ ಒಂದು ತನ್ನಿ, ಸ್ವಲ್ಪ ದೊಡ್ಡದು."

ಈಗ ಒಬ್ಬಿಬ್ಬರು ನಕ್ಕರು. ಮಹ್‌ವಶ್ ಎದ್ದು ತೂರಾನ್ ಎದುರು ಬಂದು ನಿಂತಳು. "ನನಗೆ ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ."

"ಹೋಗಲಿ ಅಂತ ನಾನೂ ಕೇಳಲ್ಲ."

"ಕೇಳ್ಬೇಡಿ. ಜಮಖಾನೆ ಏನು ಮಾಡ್ಲಿ? ಬಿಸಾಕ್ಲಾ?"

"ಬಿಸಾಕ್ಬೇಡ. ಚೀಲದಲ್ಲಿ ಕಟ್ಟಿ ಬಾಗಿಲ ಹತ್ರ ಇಡು. ನಾನೇ ತೊಳೆದು ಒಣಗಿಸಿ ಕೊಡ್ತೀನಿ. ಶಾಲೆಗೆ ಯಾವಾಗ ಬರ್ಲಿ?"

"ಶನಿವಾರ ಎಂಟಕ್ಕೆ," ಅಂದು ಮಹ್‌ವಶ್ ಮೆಟ್ಟಿಲು ಹತ್ತಿದಳು.

ಕೈ ಎತ್ತಿ ಅಂತ ನುಸ್ರತ್ ಆಗಾ ಮತ್ತೆ ಹೇಳಲಿಲ್ಲ. ಕಳಿಸುವುದಿಲ್ಲ ಅಂತಲೂ ಹೇಳಲಿಲ್ಲ. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಲಿಫ್ಟಿನ ಕಡೆ ನಡೆದರು. ಜನ ಕುರ್ಚಿ ಮಡಿಸಿದರು.

ಆ ರಾತ್ರಿ ತೂರಾನ್‌ಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಳಿಸಲೇಬೇಕು ಅಂದರೆ ಬೆಕ್ಕಿನ ಸಮೇತ ಕಾಶಾನಿಗೆ ಹೋಗುತ್ತೇನೆ ಅಂತ ನಿರ್ಧಾರ ಮಾಡಿ, ಬೆಳಿಗ್ಗೆ ತಾಫ್ತುನ್‌ನ ಕಣ್ಣು ಒರೆಸಿ, ಕಿವಿಯ ಹಿಂದೆ ನೋಡಿ, ಅವನನ್ನು ಬೈದು, ಮೇಲ್ವಿಚಾರಕರ ಬಾಗಿಲು ತಟ್ಟಿ ಒಂದು ಮಾತು ತೀರಿಸಿಬಿಡೋಣವೆಂದು ಹೊರಟಳು. ಲಿಫ್ಟಿನ ಬಾಗಿಲು ತೆಗೆದರೆ ಕನ್ನಡಿಯ ಮೇಲೆ ಅದೇ ಹಳೇ ಚೀಟಿ. ನುಸ್ರತ್ ಆಗಾ ತಾವು ಬರೆದದ್ದನ್ನು ಸ್ಕೇಲು ಇಟ್ಟು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ಕೆಳಗಿನ ನೀಲಿ "ಹೋಗಲ್ಲ" ಹಾಗೇ ಉಳಿದಿತ್ತು, ಅದನ್ನು ಮುಟ್ಟಿರಲಿಲ್ಲ. ಅದರಡಿಯಲ್ಲಿ ಅವರ ಅಚ್ಚುಕಟ್ಟಾದ ಅಕ್ಷರ:

"ಮೈಮೇಲೆ ದುಂಡನೆಯ ಗುರುತು ಕಂಡವರು ಡಾಕ್ಟರಿಗೆ ತೋರಿಸಿಕೊಳ್ಳಿ. ಟವೆಲು ಬೇರೆ ಇಡಿ. ನಾಲ್ಕನೇ ಮನೆಯಿಂದ ರಫು ಆಗಿ ಬಂದ ಹಾಸುಗಳನ್ನು ಚೀಲದಲ್ಲಿ ಕಟ್ಟಿಡಿ. ಈ ಸಲ ಹಬ್ಬಕ್ಕೆ ಯಾರೂ ಯಾರಿಗೂ ಮುತ್ತು ಕೊಡುವುದು ಬೇಡ, ಎದೆಯ ಮೇಲೆ ಕೈ ಇಟ್ಟು ಸಲಾಮು ಹೇಳಿದರೆ ಸಾಕು. ಇಂತಿ, ನುಸ್ರತ್, ಒಂದನೇ ಮನೆ, ಹುಳುಕಡ್ಡಿ ಇರುವವನು."

ಲಿಫ್ಟು ಕೆಳಗಿಳಿದು ನಿಂತಿತು. ತೂರಾನ್ ಇಳಿಯಲಿಲ್ಲ. ಕೊನೆಯ ಸಾಲನ್ನು ಮತ್ತೊಮ್ಮೆ ಓದಿದಳು, ಮೂಗು ಒರೆಸಿಕೊಂಡಳು. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಅವರ ಸಹಿಯ ಕೆಳಗೆ ಬರೆದಳು: "ತೂರಾನ್, ನಾಲ್ಕನೇ ಮನೆ. ನನಗೂ ಇದೆ." ಆಮೇಲೆ ನಾಲ್ಕನೇ ಮನೆಯ ಮಹಡಿಯ ಗುಂಡಿ ಒತ್ತಿದಳು. ತಾಫ್ತುನ್‌ಗೆ ಊಟದ ಜೊತೆ ಔಷಧಿ ಕೊಡುವ ಹೊತ್ತಾಗಿತ್ತು.